ಕುಮಾರಧಾರಾ

ಪಶ್ಚಿಮಾಭಿಮುಖವಾಗಿ ಹರಿಯುವ ಮಲೆನಾಡಿನ ಹೊಳೆ. ನೇತ್ರಾವತಿಯ ಮುಖ್ಯ ಉಪನದಿ. ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ, 1712 ಮೀಟರ್ ಎತ್ತರದ ಪುಷ್ಪಗಿರಿಯ (ಕುಮಾರ ಪರ್ವತ) ಮಡಿಲಲ್ಲಿ ಹುಟ್ಟುತ್ತದೆ. ಮಲ್ಲಳ್ಳಿಯಲ್ಲಿ ಸುಮಾರು 200 ಅಡಿ ಧುಮುಕಿ, ದಟ್ಟ ಕಾಡಿನ ಕಣಿವೆಯಲ್ಲಿ ಇಳಿದು ಕುಕ್ಕೆ ಸುಬ್ರಹ್ಮಣ್ಯವನ್ನು ಸೇರುತ್ತದೆ. ಮುಂದೆ ಗುಂಡ್ಯ ಹೊಳೆಯನ್ನು ಕೂಡಿಸಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಂದಿಗೆ ಬೆರೆಯುತ್ತದೆ.

ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ ಈ ಹೊಳೆ ಬೇಸಿಗೆಯಲ್ಲಿ ಬಂಡೆಗಳ ನಡುವಿನ ತಿಳಿನೀರಾಗುತ್ತದೆ. ಆಮ್ಲಜನಕ ಹೆಚ್ಚಿರುವ ಈ ತಂಪು ನೀರೇ ಮಹಶೀರ್ ಮೀನುಗಳಿಗೆ ಆಧಾರ. ಕುಕ್ಕೆಯ ಸ್ನಾನಘಟ್ಟದ ಬಳಿ ಇವನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಭಕ್ತಿಯೇ ಇಲ್ಲಿ ಕಾವಲು. ದಡದ ಬಂಡೆಯಂಚಿನಲ್ಲಿ ಗೂಡು ಕಟ್ಟುವ ಮಲಬಾರ್ ಸಿಳ್ಳಾರ ಹಕ್ಕಿಯ ಸಿಳ್ಳು ನೀರಿನ ಸದ್ದನ್ನೂ ಮೀರಿ ಕೇಳುತ್ತದೆ.

ಇಂಥ ಘಟ್ಟದ ತೊರೆಗಳ ಅತ್ಯಂತ ವಿಸ್ಮಯಕರ ಜೀವಿ ಕುಣಿಯುವ ಕಪ್ಪೆ (ಮೈಕ್ರಿಕ್ಸಾಲಸ್). ನೀರಿನ ಭೋರ್ಗರೆತದಲ್ಲಿ ಕೂಗು ಅಡಗಿಹೋಗುವುದರಿಂದ ಗಂಡು ಹಿಂಗಾಲನ್ನು ಚಾಚಿ, ಬೆರಳ ನಡುವಿನ ಪೊರೆ ಬಿಡಿಸಿ ಬೀಸುತ್ತದೆ. ಹೆಣ್ಣು ತೊರೆಯ ತಳವನ್ನು ಹಿಂಗಾಲಿನಿಂದ ಕೆದಕಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಆಳವಿಲ್ಲದ ಹರಿವು ಬತ್ತಿದರೂ ಏಕಾಏಕಿ ಏರಿದರೂ ಸಂತತಿಗೆ ಕುತ್ತು.

ಹೊಳೆಯ ಮೇಲ್ಭಾಗ 1987ರಲ್ಲಿ ಘೋಷಿತವಾದ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ. 2012ರಿಂದ ಈ ಧಾಮ ಯುನೆಸ್ಕೊ ವಿಶ್ವ ಪರಂಪರೆಯ ಭಾಗ. ಈ ಭಾಗದ ತೊರೆಗಳ ನೀರನ್ನು ಬಳಸಲು ಉದ್ದೇಶಿಸಿದ್ದ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಸಲ್ಲದೆಂದು ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಶಿಫಾರಸು ಮಾಡಿತು. ಮೇಲಿನ ತೊರೆಗಳನ್ನು ತಿರುಗಿಸಿದರೆ ಕೆಳಗಿನ ಮೀನಿನ ಮಡುಗಳೂ ಉಳಿಯಲಾರವು.