ಕಾರು ನಿಲ್ಲುವ ಚಪ್ಪಡಿಯ ಕೆಳಗೆ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರಕ್ಕೆ ಎಲಿಯಟ್ ಲೇಕ್ ಎಂಬ ಸಣ್ಣ ಊರಿದೆ. ಯುರೇನಿಯಂ ಗಣಿಗಳಿಗಾಗಿ ಹುಟ್ಟಿದ ಊರು. 1990ರ ದಶಕದಲ್ಲಿ ಗಣಿಗಳು ಮುಚ್ಚಿದ ಮೇಲೆ ನಿವೃತ್ತರನ್ನು ಕರೆತಂದು ಕೂರಿಸಿ ಉಳಿದುಕೊಂಡಿತು. ಊರಿನ ನಡುಮನೆಯಂತಿದ್ದದ್ದು ಆಲ್ಗೋ ಸೆಂಟರ್ ಎಂಬ ಮಾಲ್. 1980ರಲ್ಲಿ ಬಾಗಿಲು ತೆರೆದ ಆ ಕಟ್ಟಡದಲ್ಲಿ ಅಂಗಡಿಗಳಷ್ಟೇ ಅಲ್ಲ, ಹೋಟೆಲ್, ಸರ್ಕಾರಿ ಕಚೇರಿಗಳು, ಮುಂದೆ ಸಾರ್ವಜನಿಕ ಗ್ರಂಥಾಲಯವೂ ಇದ್ದವು. ಕಾರು ನಿಲ್ಲಿಸುವ ಜಾಗ ಮಾತ್ರ ಎಲ್ಲಕ್ಕೂ ಮೇಲೆ, ತಾರಸಿಯಲ್ಲಿ.

ಆ ತಾರಸಿ ಮೊದಲ ವರ್ಷದಿಂದಲೇ ಸೋರತೊಡಗಿತು. ಇಡೀ ಛಾವಣಿಗೆ ಒಂದೇ ಹಾಸಿನಂತೆ ನೀರು ತಡೆಯುವ ಪದರ ಹಾಕುವ ಬದಲು, ಕಾಂಕ್ರೀಟ್ ಚಪ್ಪಡಿಗಳ ನಡುವಿನ ಸಂದುಗಳನ್ನು ಮುಚ್ಚಿದರೆ ಸಾಕು ಎಂದು ಕಟ್ಟಿದವರು ನಂಬಿದ್ದರು. ಮೂವತ್ತೆರಡು ವರ್ಷಗಳಲ್ಲಿ ಮೂವರು ಮಾಲೀಕರು ಬದಲಾದರು, ಸೋರಿಕೆ ಬದಲಾಗಲಿಲ್ಲ. ಒಳಗೆ ಬಕೆಟ್‌ಗಳು, ಟಾರ್ಪಾಲುಗಳು. ಊರಿನವರು ಅದಕ್ಕೆ ‘ಆಲ್ಗೋ ಜಲಪಾತ’ ಎಂದು ಹೆಸರಿಟ್ಟು ನಕ್ಕು ಸುಮ್ಮನಾದರು. ಸೋರುವ ಮಾಡಿನ ಜೊತೆ ಬದುಕುವುದು ನಮ್ಮವರಿಗೂ ಹೊಸದಲ್ಲವಲ್ಲ.

ಆದರೆ ಅಲ್ಲಿ ಸೋರುತ್ತಿದ್ದದ್ದು ಬರೀ ಮಳೆನೀರಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಕಾರಿನ ಚಕ್ರಕ್ಕೆ, ಹೊಟ್ಟೆಗೆ ಅಂಟಿದ ಉಪ್ಪುಹಿಮ ನಿಲುಗಡೆಯ ಮಹಡಿಗೆ ಬಂದು ಕರಗುತ್ತದೆ. ಸಾಮಾನ್ಯ ಮಹಡಿಗೂ ವಾಹನ ನಿಲ್ಲುವ ಮಹಡಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಆ ಉಪ್ಪುನೀರು ಬಿರುಕಿನಲ್ಲಿ ಇಳಿದು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ತನ್ನ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಆಲ್ಗೋದಲ್ಲಿ ತುಕ್ಕು ತಿಂದದ್ದು ಉಕ್ಕಿನ ತೊಲೆಯನ್ನು ಕಂಬಕ್ಕೆ ಹಿಡಿದಿದ್ದ ಬೆಸುಗೆಯನ್ನು. 2012ರ ಜೂನ್ 23ರ ಶನಿವಾರ ಮಧ್ಯಾಹ್ನ ಅದು ಬಿಟ್ಟುಕೊಂಡಿತು. ತಾರಸಿಯ ಒಂದು ಭಾಗ ಕೆಳಗಿನ ಅಂಗಡಿಗಳ ಮೇಲೆ ಬಿದ್ದು ಇಬ್ಬರು ಮಹಿಳೆಯರು ಸತ್ತರು.

ಪ್ರಾಂತ್ಯ ಸರ್ಕಾರ ನ್ಯಾಯಮೂರ್ತಿ ಪಾಲ್ ಬೆಲಾಂಜೆ ಅವರ ಆಯೋಗ ನೇಮಿಸಿತು. 2014ರ ಅಕ್ಟೋಬರಿನಲ್ಲಿ ಬಂದ ಅದರ ವರದಿಯನ್ನು ಓದಿದವರಿಗೆ ಕಾಡುವ ವಿಷಯ ಒಂದೇ: ಆ ಕಟ್ಟಡವನ್ನು ಯಾರೂ ನೋಡದೆ ಬಿಟ್ಟಿರಲಿಲ್ಲ. ನೋಡಿದವರು ಬೇಕಾದಷ್ಟು ಜನ. ಇಂಜಿನಿಯರುಗಳು ಬಂದರು, ವರದಿ ಬರೆದರು. ಆ ವರದಿಗಳು ದುಡ್ಡು ಕೊಟ್ಟು ಬರೆಸಿದವರ ಕಪಾಟಿಗೆ ಹೋದವು. ನಗರಸಭೆಯ ನಿಯಮ ಜಾರಿಯಾಗುತ್ತಿದ್ದದ್ದು ಯಾರಾದರೂ ದೂರು ಕೊಟ್ಟರೆ. ಕೆಡವಿದ್ದು ತುಕ್ಕೇ ಆದರೂ ಸೋತದ್ದು ಮನುಷ್ಯರು ಎಂಬ ಅರ್ಥದ ಮಾತನ್ನು ಆಯೋಗ ಮುಚ್ಚುಮರೆಯಿಲ್ಲದೆ ಬರೆಯಿತು.

ಕುಸಿತಕ್ಕೆ ಹತ್ತು ವಾರ ಮೊದಲು, ಏಪ್ರಿಲ್‌ನಲ್ಲಿ, ಒಬ್ಬ ಇಂಜಿನಿಯರ್ ಬಂದು ನೋಡಿ ಕಟ್ಟಡ ಗಟ್ಟಿಯಾಗಿದೆ ಎಂದಿದ್ದ. ಆ ಭೇಟಿಯ ನಂತರ ಅದೇ ವ್ಯಕ್ತಿ ಬರೆದ ವರದಿಯಿಂದ ಸೋರಿಕೆ ಇನ್ನೂ ನಡೆದಿದೆ ಎಂಬ ಮಾತನ್ನೂ ಒಂದು ಫೋಟೋವನ್ನೂ ಮಾಲೀಕನ ಕೋರಿಕೆಯ ಮೇರೆಗೆ ತೆಗೆಯಲಾಗಿತ್ತು. ಇದು ವಿಚಾರಣೆಯಲ್ಲಿ ಹೊರಬಂತು. ಮುಂದೆ ಕ್ರಿಮಿನಲ್ ನಿರ್ಲಕ್ಷ್ಯದ ಮೊಕದ್ದಮೆಯಲ್ಲಿ ಆತ ಖುಲಾಸೆಯಾದ, ಅದನ್ನೂ ಹೇಳಬೇಕು. ನನಗೆ ವ್ಯಕ್ತಿಗಿಂತ ಆ ಏರ್ಪಾಡು ಮುಖ್ಯ. ಮಾಲೀಕ ತಾನೇ ದುಡ್ಡು ಕೊಟ್ಟು ಒಂದು ಜೊತೆ ಕಣ್ಣು ಬಾಡಿಗೆಗೆ ತರುತ್ತಾನೆ. ಆ ಕಣ್ಣು ಕಂಡದ್ದನ್ನು ಮೊದಲು ಓದುವವನೂ ಅವನೇ. ಕಡ್ಡಾಯ ತಪಾಸಣೆಯ ಕಾನೂನುಗಳ ಚರಿತ್ರೆಯೆಲ್ಲ ಈ ಗಂಟನ್ನು ಬಿಡಿಸುವ ಪ್ರಯತ್ನ.

ಪಕ್ಕದ ಕ್ವಿಬೆಕ್ ಪ್ರಾಂತ್ಯ ಆ ಹೊತ್ತಿಗಾಗಲೇ ಒಂದು ಹೆಜ್ಜೆ ಇಟ್ಟಿತ್ತು. 2008ರ ನವೆಂಬರಿನಲ್ಲಿ ಮಾಂಟ್ರಿಯಲ್‌ನ ಸೇಂಟ್-ಲಾರೆಂಟ್ ಬಡಾವಣೆಯ ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಚಪ್ಪಡಿ ಕುಸಿದು, ಕಾರಿನಲ್ಲಿದ್ದ ಒಬ್ಬರು ಸತ್ತರು. ಮರುವರ್ಷ ಹೋಟೆಲೊಂದರ ಹೊರಗೋಡೆಯ ಕಾಂಕ್ರೀಟ್ ತುಂಡು ಬಿದ್ದು ಇನ್ನೊಂದು ಸಾವು. 2010ರಲ್ಲಿ ಕಾನೂನು ಬಂತು, 2013ರ ಮಾರ್ಚಿನಿಂದ ನಿಯಮ ಜಾರಿಯಾಯಿತು. ಬಹುಮಹಡಿ ನಿಲುಗಡೆಯ ಮಾಲೀಕರು ವರ್ಷಕ್ಕೊಮ್ಮೆ ತಾವೇ ನೋಡಿ ಫೋಟೋ ಸಮೇತ ಬರೆದಿಡಬೇಕು, ಐದು ವರ್ಷಕ್ಕೊಮ್ಮೆ ಇಂಜಿನಿಯರರಿಂದ ಆಳವಾದ ಪರೀಕ್ಷೆ ಮಾಡಿಸಬೇಕು. ಅಪಾಯ ಕಂಡರೆ ಸರ್ಕಾರಿ ಮಂಡಳಿಗೆ ತಿಳಿಸಲೇಬೇಕು. ಉಳಿದಂತೆ ವರದಿ ಇರುವುದು ಮಾಲೀಕರದೇ ದಫ್ತರದಲ್ಲಿ.

ನ್ಯೂಯಾರ್ಕ್ ಇನ್ನೂ ಮುಂದೆ ಹೋಯಿತು, ತಡವಾಗಿ. ಆ ನಗರಕ್ಕೆ ಈ ಬಗೆಯ ಕಾನೂನಿನ ಅಭ್ಯಾಸ ಹಳೆಯದು. 1979ರಲ್ಲಿ ಬ್ರಾಡ್‌ವೇಯ ಒಂದು ಕಟ್ಟಡದಿಂದ ಕಲ್ಲು ಬಿದ್ದು ಬಾರ್ನರ್ಡ್ ಕಾಲೇಜಿನ ವಿದ್ಯಾರ್ಥಿನಿ ಸತ್ತಾಗ, ಮರುವರ್ಷವೇ ಎತ್ತರದ ಕಟ್ಟಡಗಳ ಹೊರಗೋಡೆಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯವಾಯಿತು. (ಗೋಡೆ ರಿಪೇರಿ ಮಾಡಿಸುವುದಕ್ಕಿಂತ ಕಾಲುದಾರಿಯ ಮೇಲೆ ತಗಡಿನ ಚಪ್ಪರ ಹಾಕಿ ವರ್ಷಗಟ್ಟಲೆ ಬಿಡುವುದು ಅಗ್ಗ ಎಂದು ಎಷ್ಟೋ ಮಾಲೀಕರು ಕಂಡುಕೊಂಡರು. ನ್ಯೂಯಾರ್ಕಿನ ಬೀದಿಗಳಲ್ಲಿ ಆ ಚಪ್ಪರಗಳನ್ನು ಇಂದಿಗೂ ನೋಡಬಹುದು.) ಗೋಡೆಗೆ ಬಂದ ಕಾನೂನು ಕಾರು ನಿಲ್ಲುವ ಮಹಡಿಗೆ ಬರಲು ನಲವತ್ತು ವರ್ಷ ಹಿಡಿಯಿತು. 2021ರ ಸ್ಥಳೀಯ ಕಾಯ್ದೆ 126ರ ಪ್ರಕಾರ ಆರು ವರ್ಷಕ್ಕೊಮ್ಮೆ ಅರ್ಹ ಇಂಜಿನಿಯರ್ ಪರೀಕ್ಷಿಸಿ, ವರದಿಯನ್ನು ನಗರದ ಕಟ್ಟಡ ಇಲಾಖೆಗೇ ಸಲ್ಲಿಸಬೇಕು. ಮೂರು ದರ್ಜೆ: ಸುರಕ್ಷಿತ, ಅಪಾಯಕಾರಿ, ಮತ್ತು ಇವೆರಡರ ನಡುವೆ, ಸದ್ಯಕ್ಕೆ ಸುರಕ್ಷಿತ ಆದರೆ ದುರಸ್ತಿ ಇಲ್ಲವೇ ನಿಗಾ ಬೇಕು. ಅಪಾಯಕಾರಿ ಎಂದು ಕಂಡರೆ ಇಂಜಿನಿಯರ್ ತಾನೇ ತಕ್ಷಣ ಇಲಾಖೆಗೆ ತಿಳಿಸಬೇಕು. ಮಾಲೀಕನ ಕಪಾಟನ್ನು ದಾಟಿ ಸುದ್ದಿ ಹೊರಬರಲು ದಾರಿ ಆಯಿತು. ಎಲಿಯಟ್ ಲೇಕ್‌ನಲ್ಲಿ ಇಲ್ಲದೆ ಹೋದದ್ದು ಇದೇ.

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತೇವೆ. ಇಲ್ಲಿ ಬಾಗಿಲು ಮೊದಲೇ ಸಿದ್ಧವಾಗಿತ್ತು, ಹಾಕುವ ದಿನ ಮಾತ್ರ ಮುಂದಿತ್ತು. ಸಾವಿರಾರು ನಿಲುಗಡೆಗಳನ್ನು ಒಟ್ಟಿಗೆ ನೋಡಲಾಗದೆಂದು ನಗರವನ್ನು ಮೂರು ಪಾಲು ಮಾಡಿ ಮೂರು ಗಡುವು ಕೊಟ್ಟರು. ಕೆಳ ಮ್ಯಾನ್‌ಹಟನ್ ಮೊದಲ ಪಾಲಿನಲ್ಲಿತ್ತು. ಗಡುವು 2023ರ ಡಿಸೆಂಬರ್ 31. ಅದೇ ವರ್ಷ ಏಪ್ರಿಲ್ 18ರ ಸಂಜೆ ನಾಲ್ಕರ ಸುಮಾರಿಗೆ ಆನ್ ಸ್ಟ್ರೀಟಿನ ನಾಲ್ಕು ಮಹಡಿಯ ಹಳೆಯ ನಿಲುಗಡೆ ಒಂದರ ಮೇಲೊಂದು ಕುಸಿಯಿತು. ಅಲ್ಲಿಯ ಮ್ಯಾನೇಜರ್ ಸತ್ತರು, ಐವರಿಗೆ ಗಾಯವಾಯಿತು. ಒಳಗೆ ಕಾಲಿಡುವುದೇ ಅಪಾಯವಾದ್ದರಿಂದ ಅಗ್ನಿಶಾಮಕ ದಳದವರು ಹಿಂದೆ ಸರಿದು ರೋಬಾಟ್ ನಾಯಿಯನ್ನು ಕಳಿಸಿದರು. ಚಪ್ಪಡಿಯ ಬಿರುಕು, ಉದುರಿದ ಕಾಂಕ್ರೀಟ್ ಕುರಿತು 2003ರಲ್ಲೇ ಕೊಟ್ಟ ನೋಟಿಸೊಂದು ಇಪ್ಪತ್ತು ವರ್ಷದ ನಂತರವೂ ಇಲಾಖೆಯ ಕಡತದಲ್ಲಿ ಇತ್ಯರ್ಥವಾಗದೆ ಉಳಿದಿತ್ತು. ಬೀಳುವ ಹೊತ್ತಿಗೆ ಅಲ್ಲಿ ಶಿಥಿಲವಾದ ಇಟ್ಟಿಗೆ ಕಂಬವೊಂದರ ರಿಪೇರಿ ನಡೆಯುತ್ತಿತ್ತು. ಆಮೇಲೆ ನಗರ ಅವಸರ ಮಾಡಿತು: ಗಡುವು ಇನ್ನೂ ದೂರವಿದ್ದ ಉಳಿದೆರಡು ಪಾಲಿನ ಮಾಲೀಕರೂ 2024ರ ಆಗಸ್ಟ್ 1ರೊಳಗೆ ಒಂದು ಪ್ರಾಥಮಿಕ ತಪಾಸಣೆ ಮಾಡಿಸಬೇಕಾಯಿತು.

ಇದನ್ನು ಓದುತ್ತಿರುವ ಮುಂಬೈಯವರಿಗೆ ‘ಸ್ಟ್ರಕ್ಚರಲ್ ಆಡಿಟ್’ ಎಂಬ ಮಾತು ಹೊಸದಲ್ಲ. ಮುಂಬೈ ಮಹಾನಗರಪಾಲಿಕೆ ಕಾಯ್ದೆಯ 353ಬಿ ಕಲಮಿನಂತೆ 30 ವರ್ಷ ದಾಟಿದ ಕಟ್ಟಡದ ಮಾಲೀಕರು ಅಥವಾ ವಾಸವಿರುವವರು ನೋಂದಾಯಿತ ಇಂಜಿನಿಯರರಿಂದ ಪರೀಕ್ಷೆ ಮಾಡಿಸಿ ಪಾಲಿಕೆಗೆ ಪ್ರಮಾಣಪತ್ರ ಕೊಡಬೇಕು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಇದೆ. ಹಿಮವಿಲ್ಲ, ನಿಜ, ಆದರೆ ಉಪ್ಪನ್ನು ಇಲ್ಲಿ ಸಮುದ್ರದ ಗಾಳಿಯೇ ಹೊತ್ತು ತರುತ್ತದೆ, ನಾಲ್ಕು ತಿಂಗಳ ಮಳೆ ಅದನ್ನು ಒಳಗಿಳಿಸುತ್ತದೆ. ಕಂಬ ಮುಟ್ಟಿದರೆ ಏನಾಗುತ್ತದೆ ಎಂಬುದನ್ನು 2017ರ ಜುಲೈನಲ್ಲಿ ಘಾಟ್‌ಕೋಪರ್ ಕಂಡಿತು. ನೆಲಮಹಡಿಯ ನವೀಕರಣ ನಡೆದಿದ್ದಾಗ ನಾಲ್ಕು ಅಂತಸ್ತಿನ ಕಟ್ಟಡ ಬಿದ್ದು 17 ಜನ ಸತ್ತರು.

ನಮ್ಮ ನಿಯಮ ಎಣಿಸುವುದು ಕಟ್ಟಡದ ವಯಸ್ಸನ್ನು, ಅದರ ಬಳಕೆಯನ್ನಲ್ಲ. 353ಬಿಯ ಲೆಕ್ಕದಲ್ಲಿ ಆಲ್ಗೋ ಮಾಲ್‌ಗೆ ಮೊದಲ ಪ್ರಮಾಣಪತ್ರ ಕೇಳಬೇಕಾಗಿದ್ದದ್ದು 2010ರಲ್ಲಿ. ಅಷ್ಟರಲ್ಲಿ ಅದು ಮೂವತ್ತು ಚಳಿಗಾಲ ಸೋರಿಯಾಗಿತ್ತು. ಈಗ ಮುಂಬೈ, ಪುಣೆ, ಹೈದರಾಬಾದಿನ ಹೊಸ ಗೋಪುರಗಳ ಬುಡದಲ್ಲಿ ಮೂರು ನಾಲ್ಕು ಮಹಡಿಯ ಪಾರ್ಕಿಂಗ್ ಇರುತ್ತದೆ. ಅದರ ಮೇಲೆ ಮಣ್ಣು ತುಂಬಿ ತೋಟ, ಪಕ್ಕದಲ್ಲಿ ಈಜುಕೊಳ. ಇವುಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಹದಿನೈದು ತುಂಬಿಲ್ಲ. ಆ ಚಪ್ಪಡಿಯ ಕೆಳಗೆ ಕಾರು ನಿಲ್ಲಿಸುವಾಗ ಸೂರಿನಲ್ಲಿ ಬಿಳಿ ಉಪ್ಪಿನ ಗೆರೆಗಳನ್ನೋ, ತೊಟ್ಟಿಕ್ಕುವ ಕಡೆ ನೀರು ಪಕ್ಕಕ್ಕೆ ಹರಿಯಲೆಂದು ಕಟ್ಟಿದ ತಗಡನ್ನೋ ನೀವು ನೋಡಿರಬಹುದು. ವಾರ್ಷಿಕ ಸಭೆಯಲ್ಲಿ ವಿಷಯ ಎತ್ತಿದರೆ ‘ವಾಟರ್‌ಪ್ರೂಫಿಂಗ್ ಮಾಡಿಸೋಣ, ಮುಂದಿನ ವರ್ಷ’ ಎಂಬ ಉತ್ತರ ಬರುತ್ತದೆ. ಇಂಜಿನಿಯರ್ ಬಂದು ಹೋದ ಮೇಲೆ ಕಮಿಟಿಯವರು ಸಾಮಾನ್ಯವಾಗಿ ಸಾರಾಂಶದ ಒಂದು ಪುಟ ಓದಿ ಮುಗಿಸುತ್ತಾರೆ. ಪೂರ್ತಿ ವರದಿಯನ್ನು ಕೇಳಿ, ಫೋಟೋಗಳ ಸಮೇತ.