ಒಳದನಿಗೂ ಬೇಕು ಎರಡನೇ ಸಹಿ

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ನಿಯಮ ಒಂದಿದೆ. ವೋಚರ್ ಬರೆದವನೇ ಅದನ್ನು ಪಾಸ್ ಮಾಡುವ ಹಾಗಿಲ್ಲ. ಬರೆಯುವವನು ಒಬ್ಬ, ತಾಳೆ ನೋಡಿ ಸಹಿ ಹಾಕುವವನು ಇನ್ನೊಬ್ಬ. ಬರೆದವನು ಕಳ್ಳ ಅಂತ ಇದರರ್ಥ ಅಲ್ಲ. ಎಷ್ಟೇ ಪ್ರಾಮಾಣಿಕನಾದರೂ ಅವನವನ ತಪ್ಪು ಅವನವನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಈಗ ಒಂದು ಪ್ರಶ್ನೆ. ಒಬ್ಬಾತ ಬಂದು “ದೇವರು ನನ್ನ ಜೊತೆ ಮಾತಾಡಿದ, ಹೀಗೆ ಮಾಡು ಅಂದ” ಎಂದರೆ ಆ ವೋಚರನ್ನು ಪಾಸ್ ಮಾಡುವವರು ಯಾರು? ಕ್ರೈಸ್ತ ಧರ್ಮದ ಚರಿತ್ರೆಯಲ್ಲಿ ಈ ಪ್ರಶ್ನೆಯ ಜೊತೆ ತಲೆತಲಾಂತರ ಗುದ್ದಾಡಿದವರು ಇಂಗ್ಲೆಂಡಿನ ಕ್ವೇಕರ್ ಪಂಥದವರು. ಬಾರ್ಕ್ಲೇಸ್, ಲಾಯ್ಡ್ಸ್ ಬ್ಯಾಂಕುಗಳ ಮೂಲ ಹುಡುಕುತ್ತಾ ಹೋದರೆ ಸಿಗುವುದು ಇವರೇ. ನನಗೆ ಇವರ ಪರಿಚಯವಾದದ್ದೂ ಆ ದಾರಿಯಲ್ಲೇ. ನಾನು ಇತಿಹಾಸಕಾರನಲ್ಲ, ಬಿ.ಕಾಂ. ಓದಿದವನು. ಆದ್ದರಿಂದ ಲೆಕ್ಕದವನ ಕಣ್ಣಿನಿಂದಲೇ ಈ ಕಥೆ ಹೇಳುತ್ತೇನೆ.

ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್. 1624ರಲ್ಲಿ ನೇಕಾರನ ಮಗನಾಗಿ ಹುಟ್ಟಿ ಚಮ್ಮಾರನ ಹತ್ತಿರ ಕೆಲಸ ಕಲಿತವನು. ಪ್ರತಿಯೊಬ್ಬ ಮನುಷ್ಯನ ಒಳಗೂ ಕ್ರಿಸ್ತನ ಬೆಳಕಿದೆ, ಸುಮ್ಮನೆ ಕೂತು ಕೇಳಿದರೆ ಆತನೇ ದಾರಿ ತೋರಿಸುತ್ತಾನೆ, ನಡುವೆ ಪಾದ್ರಿ ಬೇಡ ಅನ್ನುವುದು ಆತನ ಬೋಧನೆ. ನಮ್ಮಲ್ಲಿ ಅಂತರಾತ್ಮದ ಮಾತು ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. 1650ರ ದಶಕದಲ್ಲಿ ಸಾವಿರಾರು ಜನ ಆತನ ಹಿಂದೆ ಬಂದರು.

ಹಾಗೆ ಬಂದವರಲ್ಲಿ ದೊಡ್ಡ ಹೆಸರು ಜೇಮ್ಸ್ ನೇಲರ್. ಯಾರ್ಕ್‌ಶೈರಿನ ರೈತ, ಹಿಂದೆ ಸೈನ್ಯದಲ್ಲಿದ್ದವನು. ನೇಗಿಲ ಹಿಂದೆ ನಡೆಯುವಾಗ ಮನೆಮಠ ಬಿಟ್ಟು ಹೊರಡು ಎಂಬ ದೇವರ ದನಿ ಕೇಳಿತು ಎಂದವನು. ಅದ್ಭುತ ಮಾತುಗಾರ. ಸುತ್ತಲಿನ ಅಭಿಮಾನಿಗಳು ಆತನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಫಾಕ್ಸ್ ಬುದ್ಧಿ ಹೇಳಿದರೂ ಕೇಳಲಿಲ್ಲ, ಇಬ್ಬರಿಗೂ ಜಗಳವಾಯಿತು. 1656ರ ಅಕ್ಟೋಬರಿನಲ್ಲಿ ಸುರಿಯುವ ಮಳೆಯಲ್ಲಿ ನೇಲರ್ ಕುದುರೆಯೇರಿ ಬ್ರಿಸ್ಟಲ್ ಊರೊಳಗೆ ಬಂದ. ಮುಂದೆ ಹಿಂದೆ ಜನ ಸ್ತುತಿ ಹಾಡುತ್ತಿದ್ದರು, ಥೇಟ್ ಯೇಸು ಜೆರುಸಲೇಮಿಗೆ ಬಂದ ಹಾಗೆ! ನಾನು ಕ್ರಿಸ್ತನಲ್ಲ, ನನ್ನೊಳಗಿನ ಕ್ರಿಸ್ತನ ಗುರುತಾಗಿ ಹೀಗೆ ಮಾಡಿದೆ ಅನ್ನುವುದು ಆತನ ಸಮಜಾಯಿಷಿ.

ಕೇಳುವವರು ಯಾರು? ಪಾರ್ಲಿಮೆಂಟೇ ವಿಚಾರಣೆಗೆ ಕೂತಿತು. ಮರಣದಂಡನೆ ಬೇಡ ಎಂದವರು 96, ಬೇಕು ಎಂದವರು 82. ಜೀವ ಉಳಿಯಿತು, ಆದರೆ ಚಾಟಿಯೇಟು, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು, ಹಣೆಯ ಮೇಲೆ ಧರ್ಮನಿಂದಕ ಎಂಬ ಬರೆ, ಆಮೇಲೆ ಜೈಲು. 1659ರಲ್ಲಿ ಬಿಡುಗಡೆಯಾದ ನೇಲರ್ ಬೇರೆಯೇ ಮನುಷ್ಯನಾಗಿದ್ದ. ತನ್ನಿಂದಾದ ಹಾನಿಯನ್ನು ಒಪ್ಪಿಕೊಂಡ, ಫಾಕ್ಸ್ ಜೊತೆ ರಾಜಿಯಾದ. 1660ರಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ, ಅದೇ ಪೆಟ್ಟಿನಿಂದ ತೀರಿಕೊಂಡ.

ಶಿಕ್ಷೆ ಕ್ರೂರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ವೇಕರರಿಗೆ ಒಂದು ವಿಷಯ ಮನದಟ್ಟಾಯಿತು. ಕೇಳಿದ್ದೆಲ್ಲ ದೇವರ ದನಿಯೇ ಆಗಿರಬೇಕಿಲ್ಲ. ಅಭಿಮಾನಿಗಳ ದನಿಯೂ ಆಗಿರಬಹುದು, ನಮ್ಮದೇ ಆಸೆಯ ದನಿಯೂ ಆಗಿರಬಹುದು. 1660ರ ದಶಕದ ಕೊನೆಯಲ್ಲಿ ಫಾಕ್ಸ್ ಊರೂರು ತಿರುಗಿ ಮಾಸಿಕ ಸಭೆಗಳನ್ನು ಕಟ್ಟಿದ. ಅವುಗಳ ಮೇಲೆ ತ್ರೈಮಾಸಿಕ ಸಭೆ, ವಾರ್ಷಿಕ ಸಭೆ. ನಮ್ಮ ಬ್ರಾಂಚು, ರೀಜನಲ್ ಆಫೀಸು, ಹೆಡ್ ಆಫೀಸು ಇದ್ದ ಹಾಗೆ ಅನ್ನಿ! ಬೋಧನೆಗೆ ಪ್ರಯಾಣ ಹೋಗಲು ದೇವರ ಕರೆ ಬಂದಿದೆ ಎನ್ನುವವನು ಮೊದಲು ತನ್ನ ಸಭೆಯ ಮುಂದೆ ಹೇಳಬೇಕು. ಎಲ್ಲರೂ ಮೌನವಾಗಿ ಕೂತು ವಿಚಾರ ಮಾಡುತ್ತಾರೆ. ಸರಿ ಕಂಡರೆ ಪತ್ರ ಬರೆದುಕೊಡುತ್ತಾರೆ. ಮತ ಎಣಿಸುವ ಪದ್ಧತಿ ಇಲ್ಲ, ಸಭೆಯ ಒಟ್ಟು ಮನಸ್ಸು ಏನೆಂದು ನೋಡಿ ಕ್ಲರ್ಕ್ ನಡಾವಳಿ ಬರೆಯುತ್ತಾನೆ. ಫಾಕ್ಸ್ ಪೋಪ್ ಆಗಲು ಹೊರಟಿದ್ದಾನೆ ಎಂದು ಸಿಟ್ಟಾಗಿ 1670ರ ದಶಕದಲ್ಲಿ ಕೆಲವರು ಬೇರೆಯಾದದ್ದೂ ಉಂಟು.

ಈ ಲೆಕ್ಕ ಬರೀ ಪ್ರಾರ್ಥನೆಗೆ ನಿಲ್ಲಲಿಲ್ಲ. ಒಂದೇ ಬೆಲೆ, ಚೌಕಾಸಿ ಇಲ್ಲ, ತೀರಿಸಲಾಗದ ಸಾಲ ಮಾಡಬಾರದು. 1828ರಲ್ಲಿ ಜೋಸೆಫ್ ಫ್ರೈ ಎಂಬ ಕ್ವೇಕರನ ಬ್ಯಾಂಕ್ ಮುಳುಗಿದಾಗ ಆತನನ್ನು ಸದಸ್ಯತ್ವದಿಂದ ತೆಗೆದುಹಾಕಿದರು. ಆತನ ಹೆಂಡತಿ ಜೈಲು ಸುಧಾರಣೆಗೆ ಹೆಸರಾದ ಎಲಿಜಬೆತ್ ಫ್ರೈ. 2002ರಿಂದ 2017ರ ತನಕ ಬ್ಯಾಂಕ್ ಆಫ್ ಇಂಗ್ಲೆಂಡಿನ 5 ಪೌಂಡ್ ನೋಟಿನ ಮೇಲೆ ಇದ್ದದ್ದು ಆಕೆಯ ಚಿತ್ರವೇ.

ಇಲ್ಲಿಗೆ ಮುಗಿಸಿದರೆ ಎರಡನೇ ಸಹಿಗೆ ಜೈ ಎಂದು ಎದ್ದು ಹೋಗಬಹುದಿತ್ತು. ಆದರೆ ಪಾಸ್ ಮಾಡುವ ಅಧಿಕಾರಿಯೇ ಪಾಲುದಾರನಾಗಿದ್ದರೆ?

ಅಮೆರಿಕದ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಗಳಲ್ಲಿ ನೆಲೆಸಿದ ಕ್ವೇಕರರಲ್ಲಿ ಅನೇಕರು ಗುಲಾಮರ ಒಡೆಯರು, ಸಭೆಯ ಹಿರಿಯರೂ ಅವರೇ. ಅಲ್ಲಿ ಬೆಂಜಮಿನ್ ಲೇ ಎಂಬ ನಾಲ್ಕಡಿ ಎತ್ತರದ ಗೂನು ಬೆನ್ನಿನ ಮನುಷ್ಯನಿದ್ದ. ಬಾರ್ಬಡೋಸಿನಲ್ಲಿ ಗುಲಾಮರ ಪಾಡು ಕಣ್ಣಾರೆ ಕಂಡವನು. 1737ರಲ್ಲಿ ಸಭೆಯ ಒಪ್ಪಿಗೆಗೆ ಕಾಯದೆ ಗುಲಾಮಗಿರಿಯ ವಿರುದ್ಧ ಪುಸ್ತಕ ಅಚ್ಚು ಹಾಕಿಸಿದ. ಅಚ್ಚು ಹಾಕಿದವನು ಬೆಂಜಮಿನ್ ಫ್ರಾಂಕ್ಲಿನ್. 1738ರಲ್ಲಿ ಬರ್ಲಿಂಗ್ಟನ್ನಿನ ವಾರ್ಷಿಕ ಸಭೆಗೆ ಬಂದು, ಟೊಳ್ಳು ಮಾಡಿದ ಪುಸ್ತಕದೊಳಗೆ ಬಚ್ಚಿಟ್ಟಿದ್ದ ಕೆಂಪು ಹಣ್ಣಿನ ರಸದ ಚೀಲಕ್ಕೆ ಕತ್ತಿ ಚುಚ್ಚಿದ. ‘ರಕ್ತ’ ಅಕ್ಕಪಕ್ಕದ ಒಡೆಯರ ಬಟ್ಟೆಗೆ ಎರಚಿತು. ಸಭೆ ಆತನನ್ನು ಹೊರಹಾಕಿತು. ನಿಯಮದ ಪ್ರಕಾರ ಸಭೆ ಸರಿ, ದೇವರ ಪ್ರಕಾರ ಲೇ ಸರಿ!

ಅದೇ ವಿಷಯ ಎತ್ತಿಕೊಂಡ ಇನ್ನೊಬ್ಬ ಜಾನ್ ವುಲ್ಮನ್. ನ್ಯೂಜೆರ್ಸಿಯ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ಯಜಮಾನ ಒಬ್ಬ ಗುಲಾಮ ಹೆಂಗಸಿನ ಮಾರಾಟಪತ್ರ ಬರೆ ಎಂದ. ಬರೆದುಕೊಟ್ಟ, ಆದರೆ ಇದು ಕ್ರೈಸ್ತ ಧರ್ಮಕ್ಕೆ ಒಪ್ಪುವಂಥದ್ದಲ್ಲ ಎಂದು ಅವರ ಎದುರೇ ಹೇಳಿದ. ಮುಂದೆ ಅಂಥ ಕಾಗದ ಬರೆಯಲು ಒಪ್ಪಲಿಲ್ಲ. 1746ರಲ್ಲಿ ದಕ್ಷಿಣದ ಪ್ರಾಂತ್ಯಗಳಿಗೆ ಹೋಗಿ ನೋಡಿ ಬಂದು ಒಂದು ಪ್ರಬಂಧ ಬರೆದ. ವರ್ಷಗಟ್ಟಲೆ ತನ್ನ ಹತ್ತಿರವೇ ಇಟ್ಟುಕೊಂಡು, ಕೊನೆಗೆ ಸಭೆಯ ಪರಿಶೀಲಕರ ಕೈಗೆ ಕೊಟ್ಟ. 1754ರಲ್ಲಿ ಅವರ ಒಪ್ಪಿಗೆಯಿಂದಲೇ ಅಚ್ಚಾಯಿತು. ಒಡೆಯರ ಮನೆ ಮನೆಗೆ ಹೋಗಿ ಮೆಲುದನಿಯಲ್ಲಿ ಮಾತಾಡಿದ. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಸಭೆಯ ಕಾರ್ಯಕಲಾಪದಿಂದ ದೂರವಿಡಲು ತೀರ್ಮಾನಿಸಿತು. 1776ರಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದೇ ಬಹಿಷ್ಕಾರಕ್ಕೆ ಕಾರಣವಾಯಿತು.

ಅದನ್ನು ನೋಡಲು ವುಲ್ಮನ್ ಇರಲಿಲ್ಲ. 1772ರಲ್ಲಿ ತನ್ನ ಸಭೆಗಳ ಪತ್ರ ಹಿಡಿದು ಇಂಗ್ಲೆಂಡಿಗೆ ಹೋದವನು ಯಾರ್ಕ್‌ನಲ್ಲಿ ಸಿಡುಬಿನಿಂದ ತೀರಿಕೊಂಡ. ಆತ ಲಂಡನ್ನಿಗೆ ಬಂದಿಳಿದಾಗ, ಬಣ್ಣ ಹಾಕದ ಬಟ್ಟೆಯ ಈ ವಿಚಿತ್ರ ಮನುಷ್ಯನನ್ನು ನೋಡಿದ ಅಲ್ಲಿನ ಹಿರಿಯರೊಬ್ಬರು, ಬಂದದ್ದಾಯಿತು, ಇನ್ನು ಊರಿಗೆ ಹೋಗಬಹುದು ಎಂದರಂತೆ. ವುಲ್ಮನ್ ಅತ್ತನಂತೆ. ಆಮೇಲೆ ಎದ್ದು, ನನಗೆ ಬಂದ ಕರೆ ಬಿಟ್ಟು ಹೋಗಲಾರೆ, ನಿಮ್ಮ ಒಪ್ಪಿಗೆ ಇಲ್ಲದೆ ಮುಂದೆಯೂ ಹೋಗಲಾರೆ, ಅಲ್ಲಿಯವರೆಗೆ ಏನಾದರೂ ಕೆಲಸ ಕೊಡಿ, ನಿಮಗೆ ಭಾರವಾಗುವುದಿಲ್ಲ ಎಂದನಂತೆ. ಸ್ವಲ್ಪ ಹೊತ್ತಿನಲ್ಲೇ ಆ ಸಭೆಯ ಮನಸ್ಸು ಕರಗಿತು ಎಂದು ಹೇಳುತ್ತಾರೆ.

ನನಗೆ ಈ ಚರಿತ್ರೆಯಲ್ಲಿ ಕಾಣುವುದು ಇಷ್ಟೇ. ನೇಲರ್ ಯಾರ ಸಹಿಗೂ ಕಾಯಲಿಲ್ಲ. 1738ರ ಸಭೆ ಸಹಿ ಹಾಕುವ ಅಧಿಕಾರವನ್ನಷ್ಟೇ ಇಟ್ಟುಕೊಂಡು ಕಿವಿ ಮುಚ್ಚಿಕೊಂಡಿತು. ಕೇಳುವವನು ಲೆಕ್ಕ ಕೊಡಬೇಕು ನಿಜ. ಲೆಕ್ಕ ಕೇಳುವವರೂ ದೇವರಿಗೆ ಕಿವಿಗೊಡಬೇಕು, ಅವರಿಗೂ ಮೇಲೊಂದು ಇನ್ಸ್‌ಪೆಕ್ಷನ್ ಇದೆ.

ಅಂದ ಹಾಗೆ, ಬೆಂಜಮಿನ್ ಲೇ ಸಮಾಧಿಯಾದ ಅಬಿಂಗ್ಟನ್ನಿನಲ್ಲಿ ಅಲ್ಲಿನ ಕ್ವೇಕರರು 2018ರಲ್ಲಿ ಆತನ ಹೆಸರಿನ ಕಲ್ಲು ನೆಟ್ಟರು. ಹೊರಹಾಕಿದ್ದು 1738ರಲ್ಲಿ. ಎಂಟ್ರಿ ಸರಿಪಡಿಸಲು ಹಿಡಿದದ್ದು 280 ವರ್ಷ!