ಆತ್ಮಹತ್ಯೆಗೆ ಪದೇ ಪದೇ ಯತ್ನಿಸುವ ರೋಗಿಗಳ ಆರೈಕೆ: ಸಂಬಂಧಾಧಾರಿತ ಚಿಕಿತ್ಸೆಯ ಕುರಿತು ಮಾಹಿತಿ

ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ದಾಖಲಾದವರು ಮತ್ತೊಮ್ಮೆ ಯತ್ನಿಸುವ ಸಂಭವವು ಇತರರಿಗಿಂತ ಹೆಚ್ಚಾಗಿರುತ್ತದೆ. ಬಿಡುಗಡೆಯಾದ ನಂತರದ ಮೊದಲ ವಾರಗಳು ವಿಶೇಷವಾಗಿ ಸೂಕ್ಷ್ಮವಾದವು. ಎರಡನೆಯ ಅಥವಾ ಮೂರನೆಯ ಬಾರಿ ಬಂದವರನ್ನು "ಹೆದರಿಸಲು ಹೀಗೆ ಮಾಡುತ್ತಾರೆ" ಎಂದು ಕಡೆಗಣಿಸುವುದು ಮನೆಗಳಲ್ಲಿ ಮಾತ್ರವಲ್ಲ, ವಾರ್ಡುಗಳಲ್ಲಿಯೂ ಕಂಡುಬರುತ್ತದೆ. ಇದು ತಪ್ಪು ಹಾಗೂ ಅಪಾಯಕಾರಿ.

ಇಂತಹ ರೋಗಿಗಳ ಸಂಕಟದ ಹಿಂದೆ ಅನೇಕ ವೇಳೆ ದಾಂಪತ್ಯ ಕಲಹ, ಅಗಲಿಕೆ, ಅವಮಾನ ಮುಂತಾದ ಸಂಬಂಧಗಳ ತೊಡಕು ಇರುತ್ತದೆ. ಸಂಬಂಧಾಧಾರಿತ ಮನಶ್ಚಿಕಿತ್ಸೆಯು ಈ ತೊಡಕನ್ನೇ ಮಾತುಕತೆಯ ವಿಷಯವನ್ನಾಗಿ ಮಾಡಿಕೊಳ್ಳುತ್ತದೆ. ಚಿಕಿತ್ಸಕರು ಉಪದೇಶಿಸುವುದಿಲ್ಲ, ರೋಗಿಯೊಡನೆ ಕುಳಿತು, ಯಾರೊಡನೆ ಏನು ಮುರಿದಿದೆ ಎಂಬುದನ್ನು ಅವರ ಮಾತಿನಲ್ಲಿಯೇ ಹೇಳಲು ಅವಕಾಶ ನೀಡುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಿಷ ಅಥವಾ ಔಷಧಿ ಸೇವಿಸಿ ತುರ್ತು ವಿಭಾಗಕ್ಕೆ ಬಂದಿದ್ದ 119 ವಯಸ್ಕರ ಅಧ್ಯಯನವು 2001ರಲ್ಲಿ ಪ್ರಕಟವಾಯಿತು. ದಾದಿಯರು ಮನೆಗೇ ತೆರಳಿ ವಾರಕ್ಕೊಮ್ಮೆಯಂತೆ ಕೇವಲ ನಾಲ್ಕು ಬಾರಿ ಈ ಚಿಕಿತ್ಸೆ ನೀಡಿದವರಲ್ಲಿ ಆರು ತಿಂಗಳೊಳಗೆ ಮತ್ತೆ ಹಾನಿ ಮಾಡಿಕೊಂಡವರು ಶೇಕಡ 9. ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇಕಡ 28.

ತಜ್ಞರು ವಿರಳವಾಗಿರುವ ನಮ್ಮಂತಹ ದೇಶಗಳಿಗೆ ಇನ್ನೊಂದು ಅಧ್ಯಯನ ಹೆಚ್ಚು ಹತ್ತಿರವಾದುದು. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ ಸೇರಿದಂತೆ ಐದು ಸ್ಥಳಗಳಲ್ಲಿ 1,867 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಒಂದು ಗಂಟೆಯ ಸಮಾಲೋಚನೆ ಹಾಗೂ 18 ತಿಂಗಳವರೆಗೆ ದೂರವಾಣಿ ಅಥವಾ ಭೇಟಿಯ ಮೂಲಕ ಒಂಬತ್ತು ಬಾರಿ ವಿಚಾರಿಸಿಕೊಳ್ಳುವಿಕೆ ನಡೆಯಿತು. ಇವರಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟವರು ಶೇಕಡ 0.2, ಉಳಿದವರಲ್ಲಿ ಶೇಕಡ 2.2.

ಪೊಲೀಸ್ ಮೊಕದ್ದಮೆಯ ಭಯದಿಂದ ಚಿಕಿತ್ಸೆಯನ್ನು ತಡಮಾಡಬಾರದು, ನಡೆದುದನ್ನು ವೈದ್ಯರಿಂದ ಮುಚ್ಚಿಡಲೂ ಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಪ್ರಕರಣದಂತೆ ಯತ್ನಿಸಿದ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದೇ, ಬೇರೆ ರೀತಿ ಸಾಬೀತಾಗದ ಹೊರತು, ಭಾವಿಸತಕ್ಕದ್ದು. ಮತ್ತೆ ಯತ್ನಿಸುವ ಅಪಾಯ ತಗ್ಗಿಸಲು ಅಂಥವರಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಅದೇ ಪ್ರಕರಣವು ವಿಧಿಸುತ್ತದೆ. ದಂಡ ಸಂಹಿತೆಯ ಹಳೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಯಲ್ಲಿಲ್ಲ.

ಬಿಡುಗಡೆಗೆ ಮುನ್ನ ಕುಟುಂಬದವರು ಮುಂದಿನ ಭೇಟಿಯ ದಿನಾಂಕವನ್ನು ಹಾಗೂ ಯಾರನ್ನು ಕಾಣಬೇಕೆಂಬುದನ್ನು ಬರೆಸಿಕೊಳ್ಳುವುದು. ಔಷಧಿ, ಕೀಟನಾಶಕಗಳನ್ನು ಬೀಗದಲ್ಲಿಡುವುದು. "ಮತ್ತೆ ಆ ಯೋಚನೆ ಬರುತ್ತಿದೆಯೇ" ಎಂದು ನೇರವಾಗಿ ಕೇಳಲು ಹಿಂಜರಿಯಬೇಕಿಲ್ಲ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಅಥವಾ ಹಗಲಿರುಳು ಲಭ್ಯವಿರುವ ಟೆಲಿ ಮಾನಸ್ ಉಚಿತ ದೂರವಾಣಿ ಸಂಖ್ಯೆ 14416ನ್ನು ಸಂಪರ್ಕಿಸಬಹುದು. ಕನ್ನಡದಲ್ಲಿಯೂ ಮಾತನಾಡಬಹುದು.